ಬ್ಯಾಟರಿ ಬರಿದಾಗುತ್ತಿದ್ದ ಸೋಮವಾರಗಳು

ಕಾರು ಏಳುವುದಿಲ್ಲವೆಂಬುದು ಕೀಲಿ ತಿರುಗಿಸುವ ಮೊದಲೇ ನನಗೆ ತಿಳಿಯುತ್ತಿತ್ತು. ಬಾಗಿಲು ತೆರೆದೊಡನೆ ಒಳಚಾವಣಿಯ ಸಣ್ಣ ದೀಪ ಹೊತ್ತಬೇಕು. ಆ ಚಳಿಗಾಲದ ಸೋಮವಾರಗಳಂದು ಅದು ಹೊತ್ತುತ್ತಿರಲಿಲ್ಲ; ಹೊತ್ತಿದರೂ ಬೂದಿಯೊಳಗಿನ ಕೆಂಡದಂತೆ ಒಮ್ಮೆ ಕೆಂಪಾಗಿ ಹಾಗೆಯೇ ಕಂದುತ್ತಿತ್ತು. ಮೆಟ್ಟಿಲ ಮೇಲೆ ನನ್ನ ಹೆಂಡತಿ ಸೀರೆಯ ಮೇಲೆ ಉಣ್ಣೆಯ ಕೋಟು ತೊಟ್ಟು, ಊದಿದ ಪಾದಗಳಿಗೆ ನನ್ನ ಹಳೆಯ ಚಪ್ಪಲಿ ಮೆಟ್ಟಿಕೊಂಡು ನಿಂತಿರುತ್ತಿದ್ದಳು. ಅವಳ ಚಪ್ಪಲಿಗಳಲ್ಲಿ ಆಗ ಆ ಪಾದಗಳು ಹಿಡಿಯುತ್ತಿರಲಿಲ್ಲ.

"ದೀಪ ಹತ್ತೇತೇನ್ರಿ?" ಎಂದು ಅಲ್ಲಿಂದಲೇ ಕೇಳುವಳು.

"ಇಲ್ಲ."

"ಹಂಗಾರ ಒಳಗ ಕೂಡ್ತೀನಿ," ಎಂದು ತಿರುಗುವಳು. ಅವಳ ದನಿಯಲ್ಲಿ ಬೇಸರವಿರುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಅಂಜಿಸುತ್ತಿತ್ತು.

ಅವಳ ಎರಡೂ ಮೂತ್ರಪಿಂಡಗಳು ಕೆಟ್ಟಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಗುಡ್ಡ ಇಳಿದು, ಫ್ರೀವೇ ಹಿಡಿದು, ಕೊಲ್ಲಿಯ ಕಡೆಯ ಊರಿನ ಡಯಾಲಿಸಿಸ್ ಕೇಂದ್ರಕ್ಕೆ ಅವಳನ್ನು ಕರೆದೊಯ್ಯಬೇಕಾಗಿತ್ತು. ಅಲ್ಲಿ ಅವಳಿಗೆಂದು ಒಂದು ಕುರ್ಚಿ, ಅದರ ಪಕ್ಕದಲ್ಲಿ ಒಂದು ಯಂತ್ರ. ಯಂತ್ರ ಅವಳ ರಕ್ತವನ್ನು ಹೊರಗೆ ತೆಗೆದು, ತೊಳೆದು, ಮತ್ತೆ ಒಳಗೆ ಬಿಡುತ್ತಿತ್ತು. ಮೈಯಲ್ಲಿ ನಿಂತ ನೀರನ್ನು ಹಿಂಡಿ ತೆಗೆಯುತ್ತಿತ್ತು. ಮಧ್ಯಾಹ್ನ ಅದೇ ಕುರ್ಚಿಗೆ ಇನ್ನೊಬ್ಬರು ಬರುವರು. ನಾವು ತಡವಾಗಿ ಹೋದರೆ ಆ ತಡ ಅವರ ಪಾಲಿಗೆ ಹೋಗದು, ನಮ್ಮ ಪಾಲಿನಿಂದಲೇ ಕಡಿತವಾಗುವುದು. ಹಾಗೆ ಕಡಿತವಾದಷ್ಟು ವಿಷ ಅವಳೊಳಗೇ ಉಳಿಯುವುದು. ಅಲ್ಲಿನ ಹಿರಿಯ ನರ್ಸು ಕೆಟ್ಟವಳಲ್ಲ. ಆದರೂ ಒಂದು ಸೋಮವಾರ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಸೋಮವಾರಗಳಂದು ಆಕೆ ಇಷ್ಟು ಊದಿಕೊಂಡು ಬಳಲುವುದಕ್ಕೆ ನಿಮ್ಮ ತಡವೇ ಕಾರಣ. ಇನ್ನೊಮ್ಮೆ ಹೀಗಾದರೆ ಈ ಬೆಳಗಿನ ಕುರ್ಚಿಯನ್ನು ನಾನು ಉಳಿಸಿಕೊಡಲಾರೆ. ಬೇರೆ ಊರಿನ ಕೇಂದ್ರಕ್ಕೆ, ಸಂಜೆಯ ಸರದಿಗೆ ಹೋಗಬೇಕಾಗುತ್ತದೆ."

ಸಂಜೆ ನಾನು ಅದೇ ಕೊಲ್ಲಿಯ ದಡದ ನೆವಾರ್ಕಿನ ಒಂದು ಗೋದಾಮಿನಲ್ಲಿ ಎರಡನೆಯ ಪಾಳಿಯಲ್ಲಿರುತ್ತಿದ್ದೆ. ಅವಳಿಗೆ ಕಾರು ನಡೆಸಲು ಬಾರದು. ಟ್ಯಾಕ್ಸಿಯನ್ನು ಒಂದು ಸಲ ಕರೆಸಿ ನೋಡಿದ್ದೆವು; ಅದು ಗುಡ್ಡದ ದಾರಿ ತಪ್ಪಿ, ಬಂದು ಸೇರುವ ಹೊತ್ತಿಗೆ ಅರ್ಧ ಸರದಿ ಮುಗಿದಿತ್ತು. ಹೀಗಾಗಿ ಎಲ್ಲವೂ ಆ ಹಳೆಯ ಕಾರು ಸೋಮವಾರ ಬೆಳಗ್ಗೆ ಏಳುವುದರ ಮೇಲೆ ನಿಂತಿತ್ತು.

ಅದು ಎಂಟು ಸಿಲಿಂಡರಿನ, ದೋಣಿಯಷ್ಟು ಉದ್ದದ ಅಮೆರಿಕನ್ ಕಾರು. ನಮ್ಮ ಕೈಗೆ ಬರುವಾಗಲೇ ಅದಕ್ಕೆ ಸಾಕಷ್ಟು ವಯಸ್ಸಾಗಿತ್ತು. ಸವೆಸಬಾರದೆಂದು ನಾನು ಕೆಲಸಕ್ಕೆ ಜೊತೆಗಾರನೊಬ್ಬನ ವ್ಯಾನಿನಲ್ಲಿ ಹೋಗಿಬರುತ್ತಿದ್ದೆ. ಕಾರನ್ನು ಅವಳ ಚಿಕಿತ್ಸೆಗೇ ಮೀಸಲಿಟ್ಟಿದ್ದೆ. ಶುಕ್ರವಾರ ಮಧ್ಯಾಹ್ನ ಮನೆಯ ಮುಂದೆ ನಿಂತರೆ ಅದು ಮತ್ತೆ ಕದಲುವುದು ಸೋಮವಾರವೇ. ಬುಧವಾರ, ಶುಕ್ರವಾರಗಳಂದು ನರಳಿಕೊಂಡಾದರೂ ಏಳುತ್ತಿತ್ತು. ಸೋಮವಾರ ಮಾತ್ರ ಹೆಣವಾಗಿರುತ್ತಿತ್ತು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಹುಬ್ಬಳ್ಳಿಯ ಒಂದು ಗಿರಣಿಯಲ್ಲಿ ವಿದ್ಯುತ್ ಕೆಲಸದವರ ಕೈಕೆಳಗೆ ತಂತಿ ಸುತ್ತುತ್ತ ಬೆಳೆದವನು. ಈ ದೇಶಕ್ಕೆ ಬಂದ ಮೇಲೆ ಸಾರ್ವಜನಿಕ ಗ್ರಂಥಾಲಯವೊಂದು ಸಿಕ್ಕಿತು. ಅದರ ಬಾಗಿಲಿಗೆ ಕಾವಲುಗಾರನಿಲ್ಲ, ನೀನು ಯಾರೆಂದು ಕೇಳುವವರಿಲ್ಲ. ಅಲ್ಲಿ ಓದಿದ್ದೇ ನನ್ನ ಓದು. ಹಾಗೆ ಓದಿದವನಿಗೆ ಒಂದು ದುರಭ್ಯಾಸ ಅಂಟಿಕೊಳ್ಳುತ್ತದೆ. ಗುರುವಿನ ಬಾಯಿಂದ ಕೇಳಿ ಕಲಿತವನು ಹೇಳಿದ್ದನ್ನು ನಂಬುತ್ತಾನೆ. ಒಬ್ಬನೇ ಕೂತು ಕಲಿತವನು, ಹೇಳುತ್ತಿರುವವನಿಗೆ ಅದು ಹೇಗೆ ತಿಳಿಯಿತೆಂದು ಕೇಳುತ್ತಾನೆ. ಈ ಅಭ್ಯಾಸದಿಂದ ನನಗೆ ಸ್ನೇಹಿತರು ಕಡಿಮೆ.

ಇದ್ದ ಒಬ್ಬ ಸ್ನೇಹಿತರೆಂದರೆ ಕೆಳಗಿನ ತಿರುವಿನ ಮನೆಯವರು. ಬೆಂಗಳೂರಿನವರು, ಸ್ಯಾನ್ ಹೊಸೆಯಲ್ಲಿ ಎಂಜಿನಿಯರು, ನನಗಿಂತ ಹತ್ತಾರು ವರ್ಷ ಕಿರಿಯರು. ಸೋಮವಾರಗಳಂದು ತಮ್ಮ ಕಾರನ್ನು ನಮ್ಮ ಕಾರಿನ ಮೂತಿಗೆ ಮೂತಿ ಹಚ್ಚಿ, ಎರಡು ಬ್ಯಾಟರಿಗಳ ನಡುವೆ ಕೇಬಲ್ಲು ಜೋಡಿಸಿ, ನಮ್ಮದನ್ನು ಎಬ್ಬಿಸಿ ಕೊಡುತ್ತಿದ್ದವರು ಅವರೇ. ಅವರು ಆಫೀಸಿಗೆ ಹೊರಡುವ ಮೊದಲು ನಾನು ಓಡಿ ಹೋಗಿ ಹಿಡಿದರೆ ಉಂಟು, ಇಲ್ಲವಾದರೆ ಇಲ್ಲ.

"ಯಜಮಾನ್ರೇ, ಬ್ಯಾಟ್ರಿ ಮುದಿಯಾಗಿದೆ. ಹೊಸದು ಹಾಕ್ಸಿ, ಮುಗೀತು," ಎಂದರು ಅವರು.

"ಮುದಿ ಬ್ಯಾಟರಿ ಸೋಮವಾರ ಅಷ್ಟ ಯಾಕ ಸಾಯತೈತಿ?"

"ಅದಕ್ಕೂ ಮಂಡೇ ಅಂದ್ರೆ ಆಗಲ್ಲ ಅನ್ಸತ್ತೆ. ನಮ್ಮ ಹಾಗೇನೇ."

ಹೊಸ ಬ್ಯಾಟರಿ ಹಾಕಿಸಿದೆ. ಮುಂದಿನ ಸೋಮವಾರ ಅದೂ ಸತ್ತಿತ್ತು.

ಊರೊಳಗಿನ ಗ್ಯಾರೇಜಿನವನು ಆಲ್ಟರ್ನೇಟರ್ ಬ್ಯಾಟರಿಗೆ ವಿದ್ಯುತ್ತು ತುಂಬಿಕೊಡುತ್ತಿಲ್ಲ ಎಂದ. ಅಳೆದು ತೋರಿಸು ಎಂದೆ. ಅವನು ಅಳೆದ, ಅದು ಸರಿಯಾಗಿಯೇ ತುಂಬುತ್ತಿತ್ತು. ಹಾಗಾದರೆ ಚಳಿ, ಎಂದ. ನಮ್ಮ ಬೀದಿಯ ಬೇರೆ ಕಾರುಗಳಿಗೆ ಚಳಿ ತಟ್ಟುವುದಿಲ್ಲವೇ ಎಂದು ಕೇಳಿದೆ. ಅವನು ನನ್ನನ್ನು ಒಮ್ಮೆ ನೋಡಿ, ಕಾರನ್ನು ಶುಕ್ರವಾರದಿಂದ ಸೋಮವಾರದವರೆಗೆ ಇಲ್ಲಿಯೇ ಬಿಟ್ಟು ಹೋಗು ಎಂದ. ಬಿಟ್ಟೆ. ಸೋಮವಾರ ಬೆಳಗ್ಗೆ ಬೆಂಗಳೂರಿನವರ ಕಾರಿನಲ್ಲಿ ಅಲ್ಲಿಗೆ ಹೋಗಿ ಅವನೆದುರಿಗೇ ಕೀಲಿ ತಿರುಗಿಸಿದೆ. ಒಂದೇ ತಿರುವಿಗೆ, ಎಳೆಯ ಕಾರಿನಂತೆ, ಗುಡುಗುತ್ತ ಎದ್ದಿತು.

"ನೋಡು, ಇದರಲ್ಲಿ ಏನೂ ದೋಷವಿಲ್ಲ," ಎಂದ ಅವನು.

ಅದನ್ನು ಮನೆಗೆ ತಂದು ನಿಲ್ಲಿಸಿದೆವು. ಮುಂದಿನ ಸೋಮವಾರ ದೀಪ ಹೊತ್ತಲಿಲ್ಲ.

ಅಂದಿನಿಂದ ಮನೆಯೊಳಗೆ ಬೇರೊಂದು ಬಗೆಯ ಮೌನ ಬಂದಿತು. ಬೇರೆಲ್ಲಿ ನಿಂತರೂ ಆರೋಗ್ಯವಾಗಿರುವ ಕಾರು ನಮ್ಮ ಮನೆಯ ಮುಂದೆ ನಿಂತರೆ ಸಾಯುತ್ತದೆ ಎಂಬ ಮಾತನ್ನು ಯಾರೂ ಆಡಲಿಲ್ಲ. ಆಡದಿದ್ದರೂ ಅದು ಅಡುಗೆಮನೆಯಲ್ಲಿ, ಹಾಸಿಗೆಯ ಬದಿಯಲ್ಲಿ, ಬಾಗಿಲಿನ ಹೊಸ್ತಿಲಲ್ಲಿ ಇರುತ್ತಿತ್ತು. ಸ್ಯಾನ್ ಹೊಸೆಯಲ್ಲಿದ್ದ ಅವಳ ಅಕ್ಕ ಬಂದಳು. ಕಾರಿನ ಸುತ್ತ ಒಂದು ಸುತ್ತು ನಡೆದು, ಲಿಂಬೆಹಣ್ಣು ನಿವಾಳಿಸಿ, ನನ್ನ ಕಡೆ ನೋಡದೆ ತಂಗಿಗೆ ಹೇಳಿದಳು:

"ತಂಗೀ, ಈ ಮನಿಗೆ ಬಂದ ಮ್ಯಾಲ ನಿನಗ ಬ್ಯಾನಿ ಸುರು ಆತು. ಈಗ ಗಾಡಿಗೆ. ಮನಿ ಬದಲಿ ಮಾಡ್ರಿ."

"ಬ್ಯಾನಿ ಹುಬ್ಬಳ್ಳ್ಯಾಗ ಇದ್ದಾಗಿಂದ ಇತ್ತು," ಎಂದೆ ನಾನು. "ಆವಾಗ ಯಾರೂ ತಪಾಸ ಮಾಡಿದ್ದಿಲ್ಲ, ಅಷ್ಟ."

"ನಿಮಗ ಎಲ್ಲಾ ಗೊತ್ತೈತಿ ಬಿಡ್ರಿ."

ಅಕ್ಕ ಹೋದ ಮೇಲೆ ನನ್ನ ಹೆಂಡತಿ ಅನ್ನದ ತಟ್ಟೆಯನ್ನು ಅರ್ಧಕ್ಕೆ ಸರಿಸಿ, "ನನ್ನ ಬ್ಯಾನಿ ಅದಕ್ಕ ಹತ್ತೇತಿ ಅನಸ್ತೈತ್ರಿ. ನಾ ಕೂಡೂದು ಅದರಾಗ ಅಲ್ಲೇನು," ಎಂದಳು. ನಾನು ನಗಬೇಕೆಂದು ಹೇಳಿದಳೋ, ನಂಬಿ ಹೇಳಿದಳೋ ನನಗೆ ತಿಳಿಯಲಿಲ್ಲ.

ನಂಬಲಾರದವನು ಪರೀಕ್ಷಿಸಬೇಕು. ಗ್ರಂಥಾಲಯದಿಂದ ಕಾರಿನ ವಿದ್ಯುತ್ತಿನ ಪುಸ್ತಕ ತಂದೆ. ವಿಧಾನ ಸರಳವಾದದ್ದು: ಬ್ಯಾಟರಿಯ ಮೈನಸ್ ಗುರುತಿನ ತುದಿಯಿಂದ ಕೇಬಲ್ಲನ್ನು ಬಿಚ್ಚಿ, ಆ ತುದಿಗೂ ಕೇಬಲ್ಲಿಗೂ ನಡುವೆ ಒಂದು ಸಣ್ಣ ದೀಪ ಕಟ್ಟಬೇಕು. ಬಾಗಿಲುಗಳೆಲ್ಲ ಮುಚ್ಚಿ, ಎಲ್ಲವೂ ಆರಿರುವಾಗ ಆ ದೀಪ ಉರಿದರೆ ಎಲ್ಲೋ ಒಂದು ಕಳ್ಳದಾರಿಯಲ್ಲಿ ವಿದ್ಯುತ್ತು ಹರಿದುಹೋಗುತ್ತಿದೆಯೆಂದು ಅರ್ಥ. ಆಗ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಬರಬೇಕು. ಯಾವುದನ್ನು ಕಿತ್ತಾಗ ದೀಪ ಆರುವುದೋ ಕಳ್ಳ ಆ ದಾರಿಯಲ್ಲಿದ್ದಾನೆ.

ಇಳಿಜಾರಿನಲ್ಲಿ ನಿಂತ ಗಾಡಿಗೆ ಕೈಹಾಕಬಾರದೆಂಬುದು ಗಿರಣಿಯ ದಿನಗಳಿಂದ ನನ್ನ ನಿಯಮ. ನಮ್ಮ ಡ್ರೈವ್‌ವೇ, ಬೀದಿಯಿಂದ ಮನೆಗೆ ಏರುವ ದಾರಿ, ಕಡಿದಾದದ್ದು. ಆದ್ದರಿಂದ ಕಾರನ್ನು ಬೀದಿಯ ಮಟ್ಟಸವಾದ ಜಾಗಕ್ಕೆ ಇಳಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ದೀಪ ಕಟ್ಟಿದೆ. ದೀಪ ಉರಿಯಲಿಲ್ಲ. ತಂತಿ ಸಡಿಲವಿರಬಹುದೆಂದು ಮತ್ತೆ ಕಟ್ಟಿದೆ. ಉರಿಯಲಿಲ್ಲ. ಇನ್ನೊಂದು ಭಾನುವಾರ ಇಡೀ ಬೆಳಗು ಅದರ ಮುಂದೆ ಕುಳಿತೆ. ಕಾರಿನಿಂದ ಏನೂ ಸೋರುತ್ತಿರಲಿಲ್ಲ. ಹಾಗೆಂದು ಅದನ್ನು ಮೇಲೆ ಹತ್ತಿಸಿ ಮನೆಯ ಮುಂದೆ ನಿಲ್ಲಿಸಿದರೆ ಅದು ಬರಿದಾಗುತ್ತಿತ್ತು. ಆ ವಾರ ಮೊದಲ ಸಲ ನನ್ನ ನಂಬಿಕೆ ಅಲ್ಲಾಡಿತೆಂದು ಬರೆದರೆ ಅದು ಸುಳ್ಳಲ್ಲ. ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿದ್ದ ಆ ಉದ್ದನೆಯ ಕಪ್ಪು ಮೈಯನ್ನು ನೋಡುತ್ತ, ನಾವು ನೋಡದಿರುವಾಗ ಇದು ಏನು ಮಾಡುತ್ತದೆ ಎಂದು ಯೋಚಿಸಿದ್ದೇನೆ.

ಕಾರಣ ತಿಳಿಯದಿದ್ದರೂ ಉಪಾಯವೊಂದಿತ್ತು. ಪ್ರತಿ ಸಲ ಮನೆಗೆ ಬಂದೊಡನೆ ಬ್ಯಾಟರಿಯ ಕೇಬಲ್ಲನ್ನೇ ಬಿಚ್ಚಿಡುವುದು. ಹಾಗೆ ಮಾಡಿದ ವಾರಗಳಲ್ಲಿ ಕಾರು ಸೋಮವಾರವೂ ಎದ್ದಿತು. ಬ್ಯಾಟರಿ ನಿರ್ದೋಷಿ, ಚಳಿ ನಿರ್ದೋಷಿ ಎಂಬಷ್ಟು ಅದರಿಂದ ಸ್ಪಷ್ಟವಾಯಿತು. ಕಳ್ಳ ಕಾರಿನಲ್ಲೇ ಇದ್ದಾನೆ, ನನಗೆ ಮುಖ ತೋರಿಸುತ್ತಿಲ್ಲ.

"ಆಯ್ತಲ್ಲ ಯಜಮಾನ್ರೇ, ದಿನಾ ಬಿಚ್ಚಿ, ದಿನಾ ಹಾಕಿ. ಇನ್ನೇನು ಪಿಎಚ್‌ಡಿ ಮಾಡ್ಬೇಕಾ ಇದರ ಮೇಲೆ?" ಎಂದರು ಬೆಂಗಳೂರಿನವರು.

ಅವರು ಹೇಳಿದಂತೆಯೇ ಮಾಡುತ್ತ ಹೋದೆ. ಆಮೇಲೆ ಒಂದು ಶನಿವಾರ ಬಂದಿತು. ಸಂಜೆ ದೇವರ ಮುಂದೆ ದೀಪ ಹಚ್ಚಲು ಬಗ್ಗಿದ ನನ್ನ ಹೆಂಡತಿ ಹಾಗೆಯೇ ಗೋಡೆ ಹಿಡಿದು ಕುಳಿತಳು. ಉಸಿರು ಒಳಗೆ ಹೋಗುವಾಗ ನೀರಿನಲ್ಲಿ ಕೊಳವೆ ಊದಿದಂತಹ ಸದ್ದು. ನಾನು ಹೊರಗೆ ಓಡಿದೆ. ಬಾನೆಟ್ಟು ತೆರೆದು ಕೇಬಲ್ಲನ್ನು ತುದಿಗೆ ಹಾಕಿ ಸ್ಪಾನರು ತಿರುಗಿಸಿದರೆ, ವಾರಗಟ್ಟಲೆ ಬಿಚ್ಚಿ ಹಾಕಿ ಸವೆದಿದ್ದ ಕೇಬಲ್ಲಿನ ಕೊಂಡಿ ಕೈಯಲ್ಲೇ ಬಿರಿಯಿತು. ಅದನ್ನು ಹೇಗೆ ತಂತಿಯಿಂದ ಸುತ್ತಿ ಬಿಗಿದೆನೋ ನನಗೆ ಈಗ ನೆನಪಿಲ್ಲ. ನೆನಪಿರುವುದು ಮನೆಯ ತೆರೆದ ಬಾಗಿಲಿನಿಂದ ಬರುತ್ತಿದ್ದ ಆ ಸದ್ದು, ಮತ್ತು ಅದು ಎಲ್ಲಿ ನಿಂತುಬಿಡುವುದೋ ಎಂದು ಕಿವಿಗೊಟ್ಟು ಕೆಲಸ ಮಾಡುತ್ತಿದ್ದ ನನ್ನ ಕೈ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು, ಔಷಧ ಕೊಟ್ಟರು. ಶ್ವಾಸಕೋಶಕ್ಕೆ ನೀರು ಏರಿದೆ ಎಂದರು. ಅಂದು ರಾತ್ರಿಯೇ ಮನೆಗೆ ಕಳುಹಿಸುವಾಗ ವೈದ್ಯರು ಹೇಳಿದ್ದು ಒಂದೇ ಮಾತು: "ಸೋಮವಾರ ಬೆಳಗ್ಗೆ ಪೂರ್ತಿ ಅವಧಿ ಆಗಲೇಬೇಕು. ಒಂದು ಗಳಿಗೆಯೂ ಕಡಿಮೆಯಾಗಬಾರದು."

ದಾರಿಯಲ್ಲಿ ಅವಳು ಹೇಳಿದಳು, "ಇನ್ನ ಆ ವಾಯರ್ ಬಿಚ್ಚಬ್ಯಾಡ್ರಿ. ಯಾವಾಗ ಬೇಕಾಕ್ಕೇತೋ ಯಾರಿಗೆ ಗೊತ್ತು."

ನಾನು ಬಿಚ್ಚಲಿಲ್ಲ. ಆದರೆ ಅಂದೂ ಕಾರನ್ನು ಎಂದಿನಂತೆ ಹಿಮ್ಮುಖವಾಗಿ, ಗುಡ್ಡಕ್ಕೆ ಬೆನ್ನು ಕೊಟ್ಟು ಮೇಲಕ್ಕೆ ಹತ್ತಿಸಿ ನಿಲ್ಲಿಸಿದೆ. ಇದರ ಕಾರಣ ಹೇಳಬೇಕು. ನಮ್ಮ ಮನೆ ಗುಡ್ಡದ ಮೂಡಣ ಮಗ್ಗುಲಿನಲ್ಲಿತ್ತು. ಬೀದಿ ಕೆಳಗೆ, ಮನೆ ಮೇಲೆ. ಇಲ್ಲಿಯ ಜನ ಕಾರನ್ನು ನೇರವಾಗಿ ಒಳಗೆ ನುಗ್ಗಿಸುತ್ತಾರೆ, ಬೆಳಗ್ಗೆ ಹಿಂದಕ್ಕೆ ಸರಿಸುತ್ತ ಬೀದಿಗೆ ಇಳಿಯುತ್ತಾರೆ. ನಾವೂ ಮೊದಲು ಹಾಗೆಯೇ ಮಾಡುತ್ತಿದ್ದೆವು. ಮೊದಲ ಸಲ ಡಯಾಲಿಸಿಸ್ಸಿಗೆ ಹೊರಟ ದಿನ ಅವಳು ಕಾರು ಹತ್ತದೆ ನಿಂತುಬಿಟ್ಟಿದ್ದಳು.

"ಹಿಂದಕ್ಕ ಸರಕೋತ ಮನಿ ಬಿಡೂದು ಬ್ಯಾಡ್ರಿ. ಹೊಲಕ್ಕ ಹೋಗೂ ಬಂಡಿನೂ ನಮ್ಮಪ್ಪ ಹಿಂದಿನ ದಿನಾನ ಮೂಡಣಕ್ಕ ತಿರುವಿ ನಿಲ್ಲಸತಿದ್ದ. ಇಂಥಾ ಕೆಲಸಕ್ಕ ಹೋಗೂವಾಗ ಮುಂದಕ್ಕ ಹೋಗೂಣು."

ಅವಳು ಕೇಳಿದ್ದು ಅದೊಂದೇ. ಅಂದಿನಿಂದ ಕಾರು ಬೆನ್ನನ್ನು ಮೇಲಕ್ಕೆತ್ತಿ, ಮೂತಿಯನ್ನು ಕೆಳಗಿನ ಬೀದಿಯ ಕಡೆಗೆ, ಮೂಡಣಕ್ಕೆ ಚಾಚಿ ನಿಲ್ಲುತ್ತಿತ್ತು. ಅದು ನಮಗೆ ಎಷ್ಟು ಸಹಜವಾಗಿತ್ತೆಂದರೆ ಯಾವ ಮೆಕ್ಯಾನಿಕನಿಗೂ ಅದನ್ನು ಹೇಳಬೇಕೆಂದು ನನಗೆ ತೋರಲಿಲ್ಲ. ಕಾರು ಹೇಗೆ ನಿಲ್ಲುತ್ತದೆಂದು ಕೇಳಬೇಕೆಂದು ಅವರಿಗೂ ತೋರಲಿಲ್ಲ.

ಭಾನುವಾರ ಬೆಳಗ್ಗೆ ಮಂಜು ಗುಡ್ಡದ ಬುಡದವರೆಗೆ ಇಳಿದಿತ್ತು. ಅವಳು ಅಡುಗೆಮನೆಯ ಕಿಟಕಿಯ ಬಳಿ ಕುರ್ಚಿಯಲ್ಲಿ ನೇರವಾಗಿ ಕುಳಿತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು.

"ಬೆಕ್ಕು ಮತ್ತ ಬಂದು ಹೋಗೇತಿ ನೋಡ್ರಿ," ಎಂದಳು.

"ಯಾವ ಬೆಕ್ಕು?"

"ಗಾಡಿ ಮ್ಯಾಲ ಮಲಗೂ ಬೆಕ್ಕು. ನಾಕೈದು ವಾರ ಬಂದಿದ್ದಿಲ್ಲ. ಬೆಚ್ಚಗ ಮಲಗಿ ಎದ್ದು ಹೋಗೇತಿ, ಅಲ್ಲಿ ಇಬ್ಬನಿ ಇಲ್ಲ ನೋಡ್ರಿ."

ನೋಡಿದೆ. ಕಾರಿನ ಮೈಯೆಲ್ಲ ಇಬ್ಬನಿಯಿಂದ ಬೆಳ್ಳಗಾಗಿತ್ತು. ಹಿಂದಿನ ಡಿಕ್ಕಿಯ ಮುಚ್ಚಳದ ನಡುವೆ ಮಾತ್ರ ಅಂಗೈ ಅಗಲದ ಒಂದು ಕಪ್ಪು ಜಾಗ ಒಣಗಿತ್ತು.

ಬೆಕ್ಕನ್ನು ನಾನು ಎಂದೂ ಕಂಡಿರಲಿಲ್ಲ. ಅವಳೂ ಕಂಡಿರಲಿಲ್ಲ, ಮಲಗಿದ ಜಾಗವನ್ನಷ್ಟೇ ಕಂಡಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ. ಬೆಕ್ಕು ಬಂದಿದ್ದರೆ ಬಂದ ದಾರಿಯಿರಬೇಕು, ಹೋದ ದಾರಿಯಿರಬೇಕು. ಆ ಇಬ್ಬನಿಯ ಮೇಲೆ ಒಂದೂ ಹೆಜ್ಜೆಯಿರಲಿಲ್ಲ. ಒಣಗಿದ ಜಾಗದ ಮೇಲೆ ಕೈಯಿಟ್ಟೆ. ತಗಡು ಬೆಚ್ಚಗಿತ್ತು. ಆ ಚಳಿಯಲ್ಲಿ, ಬೆಳಕು ಹರಿಯುವ ಹೊತ್ತಿನಲ್ಲಿ, ಇಡೀ ಇರುಳು ನಿಂತ ಕಾರಿನ ಬೆನ್ನು ಜೀವವಿರುವ ಮೈಯಂತೆ ಬೆಚ್ಚಗಿತ್ತು. ನಾನು ಕೈಯನ್ನು ಸೆಳೆದುಕೊಂಡೆ, ಮತ್ತೆ ಇಟ್ಟೆ.

ಡಿಕ್ಕಿ ತೆರೆದರೆ ಮುಚ್ಚಳದ ಒಳಮೈಯಲ್ಲಿ ಒಂದು ದೀಪ ಉರಿಯುತ್ತಿತ್ತು. ಅದರಲ್ಲಿ ಅಚ್ಚರಿಯಿಲ್ಲ, ತೆರೆದಾಗ ಉರಿಯಲೆಂದೇ ಅದು ಅಲ್ಲಿರುವುದು. ಮುಚ್ಚಿದಾಗ ಆರುತ್ತದೆಯೇ? ಮುಚ್ಚಿದ ಮೇಲೆ ನೋಡುವುದು ಹೇಗೆ? ಮುಚ್ಚಳವನ್ನು ಬೆರಳಗಲ ಬಿಟ್ಟು ಇಣುಕಿದೆ, ಉರಿಯುತ್ತಲೇ ಇತ್ತು. ಆದರೆ ಬೆರಳಗಲದ ಸಂದು ಸಂದೇಹಕ್ಕೂ ಸಾಕಾಗುವಷ್ಟು ಅಗಲ. ನಾನು ಬಿಡಿ ಗಾಲಿಯನ್ನು ಹೊರಗೆ ತೆಗೆದು, ಡಿಕ್ಕಿಯೊಳಗೆ ಕಾಲಿಟ್ಟೆ.

ಅವಳು ಬಾಗಿಲಿಗೆ ಬಂದಿದ್ದಳು. "ಏನ್ ಮಾಡಾಕತ್ತೀರಿ?"

"ಇಲ್ಲಿ ಬಾ. ನಾ ಮಲಗತೀನಿ, ನೀ ಮುಚ್ಚಳ ಹಾಕು. ಕೀಲಿ ಕೈಯಾಗ ಇಟಗೊ."

"ಹುಚ್ಚ ಹಿಡದೈತೇನ್ರಿ ನಿಮಗ? ನಾ ಹಾಕಂಗಿಲ್ಲ."

"ನಾಳಿ ಸೋಮಾರ."

ಅವಳು ಗೋಡೆ ಹಿಡಿದು ಮೆಲ್ಲಗೆ ಬಂದಳು. ಎಡಗೈಯಲ್ಲಿ ಡಯಾಲಿಸಿಸ್ಸಿಗೆಂದು ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದರಿಂದ ಆ ಕೈಯಲ್ಲಿ ಭಾರ ಎತ್ತುವಂತಿರಲಿಲ್ಲ. ಬಲಗೈಯಿಂದಲೇ ಮುಚ್ಚಳವನ್ನು ಎಳೆದಳು. "ನಮ್ಮನ್ಯಾಗ ಎಲ್ಲಾರೂ ಸುಡಗಾಡ ಹುಡುಕೋರ ಅದೀವಿ," ಎಂದಿದ್ದು ಮುಚ್ಚಳದ ಸದ್ದಿನೊಂದಿಗೆ ಕೇಳಿಸಿತು.

ಮುಚ್ಚಿದ ಆ ಪೆಟ್ಟಿಗೆಯಲ್ಲಿ ದೀಪ ಉರಿಯುತ್ತಿತ್ತು. ನನ್ನ ಮುಖದಿಂದ ಗೇಣುದ್ದ ದೂರದಲ್ಲಿ, ಹಳದಿಯಾಗಿ, ಅಲುಗದೆ, ಯಾರೂ ನೋಡದ ಜಾಗದಲ್ಲಿ ಎಷ್ಟೋ ರಾತ್ರಿಗಳು ಉರಿದ ಅಭ್ಯಾಸದಿಂದ ಉರಿಯುತ್ತಿತ್ತು. ನಾನು ಕಂಡದ್ದು ಸಾಕಾಗಿತ್ತು.

"ತೆಗಿ," ಎಂದೆ.

ಉತ್ತರವಿಲ್ಲ.

"ಉರಿಯಾಕತ್ತೇತಿ. ತೆಗಿ."

ಕೀಲಿ ತೂತಿನ ಬಳಿ ಲೋಹ ಲೋಹಕ್ಕೆ ತಾಕಿದ ಸದ್ದು, ಆಮೇಲೆ ಅದೂ ಇಲ್ಲ. ಆಗ ತಗಡಿನ ಆಚೆಯಿಂದ ಶನಿವಾರದ ಆ ಸದ್ದು ಕೇಳಿಸಿತು, ನೀರಿನೊಳಗೆ ಕೊಳವೆ. ಅವಳು ಅಲ್ಲಿಯೇ ಇದ್ದಳು, ಮುಚ್ಚಳಕ್ಕೆ ಒರಗಿದ್ದಳು. ಅವಳ ಭಾರ ನನ್ನ ಮೇಲಿನ ತಗಡಿನಲ್ಲಿ ತಿಳಿಯುತ್ತಿತ್ತು. ನಾನು ಕೂಗಲಿಲ್ಲ. ಕೂಗಿದರೆ ಅವಳು ಅವಸರಪಡುವಳೆಂದು ಮೈಯನ್ನು ಬಿಗಿಹಿಡಿದು, ಆ ದೀಪವನ್ನೇ ನೋಡುತ್ತ, ಅವಳ ಉಸಿರು ಬರುವುದನ್ನೂ ಹೋಗುವುದನ್ನೂ ಕೇಳುತ್ತ ಮಲಗಿದ್ದೆ. ಎಷ್ಟು ಹೊತ್ತೆಂದು ಹೇಳಲಾರೆ. ಕೊನೆಗೆ ಕೀಲಿ ತಿರುಗಿತು.

"ಉಸಿರು ಸಿಗಲಿಲ್ರಿ. ನಿಂತಿದ್ದೆ," ಎಂದಳು ಅವಳು. ಆಮೇಲೆ ಕೇಳಿದಳು, "ಸಿಕ್ತೇನು?"

"ಸಿಕ್ತು."

ಅವಳನ್ನು ಒಳಗೆ ಕೂರಿಸಿ ಬೆಂಗಳೂರಿನವರನ್ನು ಕರೆತಂದೆ. ದೀಪದ ಪಕ್ಕದಲ್ಲಿ ಬಟಾಣಿಯಷ್ಟು ದೊಡ್ಡ ಗಾಜಿನ ಗುಳಿಗೆಯೊಂದಿತ್ತು. ಅದೇನೆಂದು ಮೊದಲು ಗುರುತಿಸಿದವರು ಅವರೇ. ಅದರೊಳಗೆ ಪಾದರಸದ ಹನಿ. ಮುಚ್ಚಳ ಎತ್ತಿದಾಗ ಹನಿ ಒಂದು ಬದಿಗೆ ಉರುಳಿ ಎರಡು ತಂತಿಗಳನ್ನು ಕೂಡಿಸುತ್ತದೆ, ದೀಪ ಹೊತ್ತುತ್ತದೆ. ಮುಚ್ಚಳ ಇಳಿದಾಗ ಹಿಂದಕ್ಕೆ ಉರುಳಿ ಬಿಡಿಸುತ್ತದೆ. ಕಾರು ಮಟ್ಟಸವಾದ ನೆಲದಲ್ಲಿದ್ದರೆ ಲೆಕ್ಕ ಸರಿ. ನಮ್ಮ ಕಾರು ಬೆನ್ನನ್ನು ಮೇಲಕ್ಕೆತ್ತಿ ಕಡಿದಾದ ಇಳಿಜಾರಿನಲ್ಲಿ ನಿಂತಿರುತ್ತಿತ್ತು. ಮುಚ್ಚಳ ಗಟ್ಟಿಯಾಗಿ ಮುಚ್ಚಿದ್ದರೂ ಪಾದರಸದ ಪಾಲಿಗೆ ಅದು ತೆರೆದೇ ಇತ್ತು. ಗ್ಯಾರೇಜಿನ ಅಂಗಳ ಮಟ್ಟಸ. ನಾನು ಪರೀಕ್ಷೆ ಮಾಡಿದ ಬೀದಿಯ ಜಾಗವೂ ಮಟ್ಟಸ. ಪರೀಕ್ಷೆಗೆಂದು ಕಳ್ಳನನ್ನು ಪ್ರತಿ ಸಲ ನಾನೇ ಎಬ್ಬಿಸಿ ಕಳುಹಿಸುತ್ತಿದ್ದೆ.

ನಾವು ಕಾರನ್ನು ಕೆಳಗಿಳಿಸಿ ಮತ್ತೆ ನೋಡಿದೆವು. ಈ ಸಲ ಒಳಗೆ ಮಲಗಿದವರು ಬೆಂಗಳೂರಿನವರು. "ಆಫ್," ಎಂದರು ಒಳಗಿನಿಂದ. ಮೇಲೆ ಹತ್ತಿಸಿದಾಗ, "ಆನ್. ಅಲ್ರೀ ಯಜಮಾನ್ರೇ, ಒಂದು ಬಲ್ಬು ಇಷ್ಟು ದಿನ ಕುಣಿಸ್ತಾ ನಮ್ಮನ್ನ?" ಎಂದರು. ಬಲ್ಬನ್ನು ಅವರೇ ತಿರುಗಿಸಿ ಬಿಚ್ಚಿ ನನ್ನ ಕೈಗೆ ಹಾಕಿದರು. ಬಿಸಿಯಿತ್ತು.

ಒಳಗೆ ಹೋಗಿ ಎಲ್ಲವನ್ನೂ ವಿವರಿಸಿದೆ. ಅವಳು ಕೊನೆಯವರೆಗೆ ಕೇಳಿದಳು.

"ಅಂದ್ರ ನಾ ಮೂಡಣಕ್ಕ ತಿರುವಿ ನಿಲ್ಲಸ್ರಿ ಅಂದಿದ್ದಕ್ಕ ಆತು."

"ಬಲ್ಬಿನಿಂದ ಆತು. ಬಲ್ಬ ತಗದೀನಿ. ನೀ ಹೇಳಿದಂಗ ನಿಂತ್ರೂ ಇನ್ನ ಏನೂ ಆಗಂಗಿಲ್ಲ."

"ಅಕ್ಕಗ ಹೇಳಬ್ಯಾಡ್ರಿ. ಲಿಂಬಿಹಣ್ಣಿನಿಂದನ ಆತು ಅಂತಾಳ," ಎಂದು ಅವಳು ತುಸು ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂದಿತು.

ನನ್ನ ಮನಸ್ಸು ಅಂದು ಹಗುರಾಗಿತ್ತು. ಸಿಕ್ಕವರೆಲ್ಲರ ಮಾತನ್ನೂ ನಾನು ಒರೆಗೆ ಹಚ್ಚಿದ್ದೆ: ಮುದಿ ಬ್ಯಾಟರಿ, ಚಳಿ, ದೃಷ್ಟಿ, ಮನೆಯ ದೋಷ, ಕಡೆಗೆ ಬೆಕ್ಕು. ಒಂದನ್ನು ಮಾತ್ರ ಹಚ್ಚಿರಲಿಲ್ಲವೆಂಬುದು ಆಗ ಹೊಳೆಯಲಿಲ್ಲ. ಸೋಮವಾರ ಹೊತ್ತಿಗೆ ತಲುಪಿದರೆ ಅವಳ ಸೋಮವಾರಗಳು ಸರಿಹೋಗುತ್ತವೆ ಎಂಬುದನ್ನು ಆ ನರ್ಸಿನ ಬಾಯಿಂದ ಕೇಳಿದಂತೆಯೇ ಎತ್ತಿ ಇಟ್ಟುಕೊಂಡಿದ್ದೆ.

ಸೋಮವಾರ ಕಾರು ಒಂದೇ ತಿರುವಿಗೆ ಎದ್ದಿತು. ಫ್ರೀವೇ ಖಾಲಿಯಿತ್ತು. ನಾವು ಕೇಂದ್ರದ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆವು. ನರ್ಸು ಗಡಿಯಾರ ನೋಡಿ, ನನ್ನನ್ನು ನೋಡಿ, ಮೆಚ್ಚಿ ತಲೆಯಾಡಿಸಿದಳು. ನನ್ನ ಹೆಂಡತಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಶುಕ್ರವಾರಕ್ಕೂ ಅಂದಿಗೂ ನಡುವೆ ಮೈಯಲ್ಲಿ ನಿಂತ ನೀರು ಎಷ್ಟೆಂಬುದು ಆ ಮುಳ್ಳಿನಿಂದ ತಿಳಿಯುತ್ತದೆ. ಮುಳ್ಳು ಹಿಂದಿನ ಸೋಮವಾರಗಳಂದು ನಿಲ್ಲುತ್ತಿದ್ದ ಜಾಗವನ್ನು ದಾಟಿ ಹೋಯಿತು.

ನಾನು ನರ್ಸನ್ನು ಕೇಳಿದೆ: "ಶುಕ್ರವಾರ ಅವಳಿಗೆ ಪೂರ್ತಿ ಅವಧಿ ಸಿಕ್ಕಿತ್ತು. ಬುಧವಾರವೂ ಸಿಕ್ಕಿತ್ತು. ಕಳೆದ ನಾಲ್ಕಾರು ವಾರ ನಾವು ಒಮ್ಮೆಯೂ ತಡಮಾಡಿಲ್ಲ. ಮತ್ತೆ ಇದು ಹೇಗೆ?"

ಅವಳು ಸೂಜಿಗಳನ್ನು ಜೋಡಿಸುತ್ತಲೇ ಹೇಳಿದಳು: "ಸೋಮವಾರ ಎಲ್ಲರಿಗೂ ಹೀಗೆಯೇ. ನಡುವೆ ಎರಡು ದಿನ ಬಿಡುವಾಗುತ್ತದಲ್ಲ. ಉಳಿದ ವಾರದಲ್ಲಿ ಒಂದೇ ದಿನ."

"ಆ ಎರಡು ದಿನ ಯಾಕೆ?"

"ಶನಿವಾರ ಬೇರೆ ಗುಂಪಿನ ಸರದಿ. ಭಾನುವಾರ ಮುಚ್ಚಿರುತ್ತೇವೆ."

"ಮುಚ್ಚಿರುವುದು ಯಾಕೆ?"

ಅವಳು ಕತ್ತೆತ್ತಿ ನೋಡಿದಳು. ಆ ಪ್ರಶ್ನೆಯನ್ನು ಅವಳನ್ನು ಯಾರೂ ಕೇಳಿರಲಿಲ್ಲವೆಂದು ತೋರುತ್ತದೆ. "ಮೊದಲಿಂದಲೂ ಹಾಗೆಯೇ ಇದೆ," ಎಂದಳು.

"ಅವರನ್ನ ಯಾಕ ಕೇಳತೀರಿ, ಬಿಡ್ರಿ," ಎಂದಳು ನನ್ನ ಹೆಂಡತಿ ಕುರ್ಚಿಯಿಂದ. ಎಡಗೈಯನ್ನು ಆಗಲೇ ಚಾಚಿ ಇಟ್ಟಿದ್ದಳು. "ಹೊತ್ತಿಗೆ ಬಂದೀವಲ್ಲ."

ಯಂತ್ರ ಶುರುವಾಯಿತು. ಅಂದು ಅವಳಿಗೆ ಪೂರ್ತಿ ಅವಧಿ ಸಿಕ್ಕಿತು. ಒಂದು ಗಳಿಗೆಯೂ ಕಡಿಮೆಯಾಗಲಿಲ್ಲ. ನಾನು ಪಕ್ಕದ ಸ್ಟೂಲಿನಲ್ಲಿ ಕುಳಿತು ಕೊಳವೆಯೊಳಗೆ ಅವಳ ರಕ್ತ ಏರುವುದನ್ನು ನೋಡುತ್ತಿದ್ದೆ. ಎದುರಿನ ಕುರ್ಚಿಗಳಲ್ಲಿ, ಅದರಾಚೆಯ ಕುರ್ಚಿಗಳಲ್ಲಿ, ನಾನು ವಾರಗಟ್ಟಲೆ ನೋಡಿಯೂ ನೋಡದಿದ್ದ ಜನರಿದ್ದರು. ಎಲ್ಲರ ಪಾದಗಳೂ ಅಂದು ಊದಿದ್ದವು.